ಹಾಸಿಗೆಯ ಬಳಿಯ ಪಾಠ

ಬೆಂಗಳೂರಿನ ಮೂಡಣಕ್ಕೆ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನತ್ತ ಸಾಗುವ ದಾರಿಯಲ್ಲಿ ಹೂಡಿ ಎಂಬ ಊರಿದೆ. ಊರೆಂದು ಈಗ ಕರೆಯುವುದು ರೂಢಿಯಿಂದ ಮಾತ್ರ. ಕೆರೆ, ಗುಡಿ, ಹಳೆಯ ಬೀದಿಗಳನ್ನು ಸುತ್ತುಗಟ್ಟಿ ಕಾರ್ಖಾನೆಗಳೂ ಕಂಪ್ಯೂಟರ್ ಕಚೇರಿಗಳೂ ಬಹುಮಹಡಿ ಮನೆಗಳೂ ಎದ್ದು ನಿಂತಿವೆ. 2023ರ ಮಾರ್ಚಿನಿಂದ ಇಲ್ಲೊಂದು ಮೆಟ್ರೋ ನಿಲ್ದಾಣವೂ ಆಗಿದೆ. ಬೆಳಗಿನ ಹೊತ್ತು ಅಲ್ಲಿ ನಿಂತವರಿಗೆ, ಕಚೇರಿಗೆ ಧಾವಿಸುವವರ ನಡುವೆ, ಎಕ್ಸ್-ರೇ ಚಿತ್ರದ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡ ಇನ್ನೊಂದು ಬಗೆಯ ಪ್ರಯಾಣಿಕರು ಕಣ್ಣಿಗೆ ಬೀಳುತ್ತಾರೆ. ಅವರು ಎರಡು ದಿಕ್ಕಿಗೂ ಹೋಗುತ್ತಾರೆ.

ಪೂರ್ವದ ಗಾಡಿ ಹತ್ತಿದರೆ ನಾಲ್ಕನೆಯ ನಿಲ್ದಾಣದ ಹೆಸರೇ ಆಸ್ಪತ್ರೆಯದು. 2001ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದ ಶ್ರೀ ಸತ್ಯಸಾಯಿ ಆಸ್ಪತ್ರೆ ಅದು. ಹೃದಯಕ್ಕೂ ಮಿದುಳಿಗೂ ಹಣ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುವ ಸ್ಥಳ. ಅದೇ ಪ್ರದೇಶದಲ್ಲಿ 2000ದಲ್ಲಿ ಆರಂಭವಾದ ವೈದೇಹಿ ವೈದ್ಯಕೀಯ ಕಾಲೇಜೂ ಅದರ ಆಸ್ಪತ್ರೆಯೂ ಇವೆ. ಪಶ್ಚಿಮದ ಗಾಡಿ ಹತ್ತಿದವರು ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಮಾರ್ಗಕ್ಕೆ ಬದಲಾಯಿಸಿ, ಎರಡನೆಯ ನಿಲ್ದಾಣವಾದ ಮಾರ್ಕೆಟ್ಟಿನಲ್ಲಿ ಹೊರಬಂದರೆ ವಿಕ್ಟೋರಿಯಾ ಆಸ್ಪತ್ರೆ ಅಲ್ಲೇ ಸಮೀಪ. ಈ ಎರಡು ದಿಕ್ಕುಗಳ ನಡುವೆ ನಮ್ಮ ವೈದ್ಯಶಿಕ್ಷಣದ ನೂರು ವರ್ಷದ ಕಥೆ ಅಡಗಿದೆ.

ಬೆಂಗಳೂರಿನಲ್ಲಿ ಆಸ್ಪತ್ರೆ ಮೊದಲು ಬಂದಿತು, ಕಾಲೇಜು ಬಹಳ ತಡವಾಗಿ ಬಂದಿತು. ರಾಣಿ ವಿಕ್ಟೋರಿಯಾಳ ಆಳ್ವಿಕೆಗೆ ಅರುವತ್ತು ವರ್ಷ ತುಂಬಿದ ನೆನಪಿಗೆಂದು 1897ರಲ್ಲಿ, ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲಿಟ್ಟರು. ಮರುವರ್ಷವೇ ಊರಿಗೆ ಪ್ಲೇಗು ಹೊಕ್ಕಿತು. ಪೇಟೆಯ ಮನೆಗಳು ಬರಿದಾಗುತ್ತಿದ್ದ ಆ ದಿನಗಳಲ್ಲಿ ಕೋಟೆಯ ಪಕ್ಕದಲ್ಲಿ ಈ ಕಲ್ಲುಕಟ್ಟಡ ಮೇಲೇಳುತ್ತಿದ್ದಿತು. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಅದನ್ನು ತೆರೆದನು. ನೆರೆಯಲ್ಲಿ ಕಣ್ಣಿಗೆ ಮಿಂಟೋ, 1935ರಲ್ಲಿ ಹೆಂಗಸರು ಮಕ್ಕಳಿಗೆ ವಾಣಿವಿಲಾಸ ಸೇರಿಕೊಂಡವು.

ಕಾಲೇಜಿನ ಕಥೆ ಇಷ್ಟು ನೇರವಲ್ಲ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಆದರೆ 1930ರಲ್ಲಿ ಅದು ಮೈಸೂರಿಗೆ ಹೊರಟುಹೋಯಿತು. ರಾಜಧಾನಿಗೆ ಅದು ಲಾಭ. ಬೆಂಗಳೂರಿಗೆ ಮಾತ್ರ ಇಪ್ಪತ್ತೈದು ವರ್ಷಗಳ ಬರ. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಆರಂಭವಾದಾಗ ವಿಕ್ಟೋರಿಯಾದ ಹಾಸಿಗೆಗಳು ಮತ್ತೆ ಪಾಠದ ಹಲಗೆಗಳಾದವು. ಪ್ಲೇಗಿನ ನಡುವೆ ಎದ್ದ ಆ ಆಸ್ಪತ್ರೆಯನ್ನು 2020ರಲ್ಲಿ ಕೊರೋನಾ ರೋಗಿಗಳಿಗೆಂದೇ ಬಿಟ್ಟುಕೊಟ್ಟದ್ದನ್ನು ಇಂದಿನ ವಿದ್ಯಾರ್ಥಿಗಳು ತಾವೇ ಕಂಡವರು.

ಇದಕ್ಕೆ ತಿರುಗುಮುರುಗಾದ ದಾರಿಯನ್ನು ಕರಾವಳಿ ತೋರಿಸಿಕೊಟ್ಟಿತು. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಖಾಸಗಿ ವೈದ್ಯಕೀಯ ಕಾಲೇಜು ತೆರೆದರು. ಕಾಲೇಜೇನೋ ಆಯಿತು, ಕಲಿಯಲು ರೋಗಿಗಳೆಲ್ಲಿ? ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಆ ವಿದ್ಯಾರ್ಥಿಗಳಿಗೆ ವಾರ್ಡುಗಳ ಬಾಗಿಲು ತೆರೆಯಿತು. ಶುಲ್ಕ ತೆತ್ತವರು ವಿದ್ಯಾರ್ಥಿಗಳು, ಕಲಿಸಿದವರು ಧರ್ಮಾಸ್ಪತ್ರೆಯ ಬಡವರು! ಹೂಡಿಯ ಆಸುಪಾಸಿನ ಖಾಸಗಿ ಕಾಲೇಜುಗಳು ಈ ಎರಡನೆಯ ಪೀಳಿಗೆಯವು. ಈಗ ನಿಯಮವೇ ಕಾಲೇಜನ್ನೂ ಹಾಸಿಗೆಯನ್ನೂ ಗಂಟುಹಾಕಿದೆ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮದಂತೆ ವರ್ಷಕ್ಕೆ ನೂರು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲೇಜಿಗೆ 420 ಹಾಸಿಗೆಗಳು ಬೇಕು, ನೂರೈವತ್ತಾದರೆ 605. ಅವುಗಳಲ್ಲಿ ನೂರಕ್ಕೆ ಎಂಬತ್ತು ತುಂಬಿರಲೂ ಬೇಕು. ಬರಿಯ ಹಾಸಿಗೆ ಜೋಡಿಸಿದರಾಗದು. ಅದರ ಮೇಲೆ ಮಲಗಲು ನಿಜವಾದ ಕಾಯಿಲೆಯ ಮನುಷ್ಯ ಬರಬೇಕು. ಆದುದರಿಂದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಡಿಮೆ ದರದ ಅಥವಾ ಉಚಿತವಾದ ಹಾಸಿಗೆಯನ್ನು ಕಂಡಾಗ ಅದನ್ನು ದಾನವೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಹತ್ತು ಜನ ಎಳೆಯರು ಒಬ್ಬರಾದ ಮೇಲೊಬ್ಬರು ಬಂದು ಹೊಟ್ಟೆ ಒತ್ತಿ, ಬೆನ್ನು ತಟ್ಟಿ, ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿ ಹೋಗುವುದನ್ನು ಸಹಿಸಿಕೊಂಡ ರೋಗಿಗೆ ಸಲ್ಲುವ ಗುರುದಕ್ಷಿಣೆಯಲ್ಲಿ ಒಂದಂಶವೆಂದರೆ ಸರಿಹೋದೀತು.

ಅಲ್ಲಿ ನಡೆಯುವ ಪಾಠ ಎಂಥದೆಂಬುದನ್ನು ಸಾಹಿತ್ಯಪ್ರಿಯರಾದ ವಾಚಕರು ಒಮ್ಮೆ ಹೋಗಿ ಕೇಳಬೇಕು. ವಿದ್ಯಾರ್ಥಿಯ ಪುಸ್ತಕವೆಲ್ಲ ಇಂಗ್ಲಿಷಿನದು. ಹೊಸಕೋಟೆ, ಮಾಲೂರಿನ ಕಡೆಯಿಂದ ಬಂದ ಮುದುಕಿಗೆ ಆ ಪುಸ್ತಕದ ಹಂಗಿಲ್ಲ. ಆಕೆಗೆ ಉರಿಯುತ್ತದೆ, ಚುಚ್ಚುತ್ತದೆ, ಹಿಂಡುತ್ತದೆ, ಸೆಳೆಯುತ್ತದೆ, ಸಿಡಿಯುತ್ತದೆ, ತೊಳಸುತ್ತದೆ. ಕೈಗೆ ಜೋಮು ಹಿಡಿಯುತ್ತದೆ, ಒಳಜ್ವರ ಬರುತ್ತದೆ, ದಮ್ಮು ಕಟ್ಟುತ್ತದೆ. ಒಂದೊಂದು ಕ್ರಿಯಾಪದವೂ ಒಂದೊಂದು ರೋಗದ ಕಡೆಗೆ ಬೆರಳು ತೋರಿಸಬಲ್ಲದು. ಎಲ್ಲಕ್ಕಿಂತ ಕಷ್ಟದ್ದು ‘ಸಂಕಟ’. ಎದೆಯಲ್ಲಿ ಸಂಕಟವೆಂದರೆ ಹುಳಿತೇಗಿನ ಉರಿಯಾಗಿರಬಹುದು, ಹೃದಯಾಘಾತದ ಮೊದಲ ಸೂಚನೆಯಾಗಿರಬಹುದು, ಮಗ ಮನೆಬಿಟ್ಟು ಹೋದ ದುಃಖವೂ ಆಗಿರಬಹುದು. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೇ, ಎಡಗೈಗೆ ಇಳಿಯುತ್ತದೆಯೇ, ಮೈ ಬೆವರುತ್ತದೆಯೇ ಎಂದು ವಿದ್ಯಾರ್ಥಿ ಒಂದೊಂದಾಗಿ ಕೇಳಿ ಬಿಡಿಸಬೇಕು. ಇದರಲ್ಲಿ ತಪ್ಪಿದರೆ ಜೀವವೇ ಹೋದೀತು. ಪೂರ್ವದ ಈ ಸೀಮೆಯಲ್ಲಂತೂ ಕನ್ನಡದ ಜೊತೆಗೆ ತೆಲುಗು, ತಮಿಳು ಬೆರೆಯುತ್ತವೆ. ಕಟ್ಟಡದ ಕೆಲಸಕ್ಕೆ ಬಂದ ಬಿಹಾರ, ಒಡಿಶಾದ ಕೂಲಿಗಳ ಮಾತು ಬೇರೆ.

ಈ ಮಾತುಗಳನ್ನು ಕಿವಿಗೊಟ್ಟು ಕೇಳಿದ ವೈದ್ಯರಲ್ಲಿ ಕೆಲವರು ಸಾಹಿತಿಗಳಾದದ್ದು ಆಶ್ಚರ್ಯವಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ‘ತಾಯಿ ಮಗು’ ಬರೆದ ಅನುಪಮಾ ನಿರಂಜನರೂ ಹಾಗೆಯೇ.

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಶುಶ್ರೂಷೆಗೆಂದು ನಾನೂ ಇಂಥದೊಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಕುಳಿತಿದ್ದೆ. ಪಕ್ಕದ ಹಾಸಿಗೆಯ ಅಜ್ಜಿಯ ಬಳಿಗೆ ಉತ್ತರದೇಶದ ಹುಡುಗಿಯೊಬ್ಬಳು ಬಂದಳು. ಹೊಸ ಬಿಳಿಯ ಕೋಟು, ಕೈಯಲ್ಲಿ ಪುಟ್ಟ ಪುಸ್ತಕ.

“ಅಜ್ಜೀ, ಎಲ್ಲಿ ನೋವು?”

“ನೋವಲ್ಲ ಕಣಮ್ಮ, ಸಂಕಟ.”

ಹುಡುಗಿ ತಬ್ಬಿಬ್ಬಾದಳು. ಅಜ್ಜಿ ಅವಳ ಕೈಯನ್ನು ಹಿಡಿದು ತನ್ನ ಎದೆಗೂಡಿನ ಕೆಳಗೆ ಇಟ್ಟುಕೊಂಡು, “ಇಲ್ಲಿ. ಉಂಡ ಮೇಲೆ,” ಎಂದಳು. ಹುಡುಗಿ ಆ ಪದವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ತನ್ನ ಲಿಪಿಯಲ್ಲಿ ಬರೆದುಕೊಂಡಳು. ಮೂರನೆಯ ದಿನ ತಾನಾಗಿಯೇ ಬಂದು, “ಅಜ್ಜೀ, ಸಂಕಟ ಹೋಯ್ತಾ?” ಎಂದು ಕೇಳಿದಳು.

“ಹೋಯ್ತು ಕಣಮ್ಮ,” ಎಂದಳು ಅಜ್ಜಿ. “ನಿಂದು ಊಟ ಆಯ್ತಾ?”