ಸ್ಪೀಕರ್ ಚಿತ್ರ ಇತ್ತು, ಅಕ್ಕನ ದನಿ ಇರಲಿಲ್ಲ

ಹೋದ ವರ್ಷ ಪೌರಕಾರ್ಮಿಕರ ಸಂಬಳ ಬಾಕಿ ಬಗ್ಗೆ ಒಂದು ಸಭೆ. 12 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಏಳನೆಯದರಲ್ಲಿ ಒಬ್ಬ ಅಕ್ಕನ 40 ಸೆಕೆಂಡಿನ ಮಾತು. "ಹೆಸರು ಬೇಡ, ಫೋಟೋ ಬೇಡ. ನನ್ ಮಾತು ಕೇಳಿಸಪ್ಪ, ಸಾಕು" ಅಂದಿದ್ದರು. ಮನೆಯಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಪೆನ್‌ಡ್ರೈವ್‌ನಿಂದ ಸಭಾಂಗಣದ ಕಂಪ್ಯೂಟರಿಗೆ ಹಾಕಿ ಒತ್ತಿದರೆ ಸ್ಪೀಕರ್ ಚಿತ್ರ ಇದೆ, ಸದ್ದೇ ಇಲ್ಲ. ಕೊನೆಗೆ ಚೀಟಿ ನೋಡಿಕೊಂಡು ನಾನೇ ಓದಿದೆ. ಮುಂದೆ ಕೂತಿದ್ದ ಅಧಿಕಾರಿ ತಲೆಯಾಡಿಸಿ ಮುಂದಿನ ಸ್ಲೈಡ್ ಕೇಳಿದರು. ಮಾತಿನ ನಡುವೆ ಆಕೆಗೆ ಬರುವ ಕೆಮ್ಮು ನನ್ನ ಓದಿನಲ್ಲಿ ಎಲ್ಲಿಂದ ಬರಬೇಕು?

ತಪ್ಪು ನನ್ನದೇ. ಸ್ಲೈಡಿಗೆ ಆಡಿಯೋ ಸೇರುವುದು ಎರಡು ರೀತಿಯಲ್ಲಿ. ಒಂದು, ಆಡಿಯೋ ಫೈಲೇ ಪ್ರೆಸೆಂಟೇಶನ್ ಒಳಗೆ ಕೂರುತ್ತದೆ. ಇನ್ನೊಂದು, ಅದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಉಳಿಯುತ್ತದೆ. ನನ್ನ ಲ್ಯಾಪ್‌ಟಾಪಿನ ವಿಳಾಸ ಬೇರೆ ಕಂಪ್ಯೂಟರಿನಲ್ಲಿ ಸಿಗಲ್ಲ. ಪವರ್‌ಪಾಯಿಂಟ್ 2007ರವರೆಗೆ ಎಂಪಿ3 ಹಾಕಿದರೆ ಬರೀ ವಿಳಾಸವೇ. 2010ರಿಂದ ಫೈಲ್ ತಾನಾಗಿಯೇ ಒಳಗೆ ಹೋಗುತ್ತದೆ, ನಾವೇ 'ಲಿಂಕ್ ಟು ಫೈಲ್' ಆರಿಸದಿದ್ದರೆ. ಫೈಲ್ ಸಣ್ಣದಿರಲಿ ಅಂತ ನಾನು ಜಾಣತನ ಮಾಡಿ ಅದನ್ನೇ ಆರಿಸಿದ್ದೆ. ಲಿಬ್ರೆಆಫೀಸ್ ಬಳಸುವವರೂ ಆಡಿಯೋ ಸೇರಿಸುವಾಗ 'ಲಿಂಕ್' ಅನ್ನೋ ಚೌಕದಲ್ಲಿ ಟಿಕ್ ಇದೆಯಾ ನೋಡಿಕೊಳ್ಳಿ.

ಪರೀಕ್ಷೆ ಸುಲಭ. ಮೂಲ ಆಡಿಯೋ ಫೈಲಿನ ಹೆಸರು ಬದಲಿಸಿ, ಪ್ರೆಸೆಂಟೇಶನ್ ತೆರೆದು ಪ್ಲೇ ಮಾಡಿ. ದನಿ ಬಂದರೆ ಒಳಗಿದೆ. ಬರದಿದ್ದರೆ ಅದನ್ನು ಅಳಿಸಿ ಮತ್ತೆ ಸೇರಿಸಿ. ಲಿಂಕೇ ಬೇಕು ಅನ್ನುವವರು ಆಡಿಯೋ ಮತ್ತು ಪಿಪಿಟಿಯನ್ನು ಮೊದಲು ಒಂದೇ ಫೋಲ್ಡರಿಗೆ ಹಾಕಿ, ಆಮೇಲೆ ಸೇರಿಸಿ, ಇಡೀ ಫೋಲ್ಡರನ್ನೇ ಹೊತ್ತೊಯ್ಯಿರಿ.

ಇಷ್ಟಾದರೂ ಕೈಕೊಡುವುದುಂಟು. ನಮ್ಮ ರೆಕಾರ್ಡಿಂಗ್ ಬರುವುದು ಹೆಚ್ಚಾಗಿ ವಾಟ್ಸಾಪ್ ವಾಯ್ಸ್ ನೋಟ್ ಆಗಿ, ಅಂದರೆ ಓಪಸ್ ರೂಪದಲ್ಲಿ. ಅದನ್ನು ಎಲ್ಲ ಕಂಪ್ಯೂಟರೂ ನುಡಿಸಲ್ಲ. ವಿಎಲ್‌ಸಿಯಲ್ಲಿ ಎಂಪಿ3 ಮಾಡಿಕೊಂಡು ಸೇರಿಸಿ. ಗೂಗಲ್ ಸ್ಲೈಡ್ಸ್‌ನಲ್ಲಿ ಆಡಿಯೋ ಇರುವುದು ಡ್ರೈವ್‌ನಲ್ಲಿ. ಅದಕ್ಕೆ ಬೇರೆಯಾಗಿ ಅನುಮತಿ ಕೊಡಬೇಕು, ಸಭೆಯಲ್ಲಿ ನೆಟ್ಟೂ ಬೇಕು. ಎಚ್‌ಡಿಎಂಐ ಕೇಬಲ್ ಹಾಕಿದಾಗ ಸದ್ದು ಪ್ರೊಜೆಕ್ಟರಿನ ಕಡೆ ಹೋಗಿರಬಹುದು, ವಿಂಡೋಸ್‌ನಲ್ಲಿ ಸ್ಪೀಕರ್ ಗುರುತು ಒತ್ತಿ ಬದಲಿಸಿ.

ಆದರೆ ದನಿ ಒಳಗೆ ಕೂತ ಮೇಲೆ ಬೇರೆಯೇ ತಲೆನೋವು. ಪಿಪಿಟಿಎಕ್ಸ್ ಅನ್ನೋದು ನಿಜಕ್ಕೂ ಒಂದು ಜಿಪ್ ಗಂಟು. ಹೆಸರಿನ ಕೊನೆಯಲ್ಲಿ ಜಿಪ್ ಅಂತ ಬದಲಿಸಿ ಬಿಚ್ಚಿದರೆ, 'ಪಿಪಿಟಿ' ಫೋಲ್ಡರಿನೊಳಗೆ 'ಮೀಡಿಯಾ' ಅಂತ ಒಂದಿರುತ್ತೆ. ಅಲ್ಲಿ ಅಕ್ಕನ ಆಡಿಯೋ ಹಾಗೆಯೇ ಬಿದ್ದಿರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹೆಸರು ಹೇಳದಿದ್ದರೇನು, ಮೇಸ್ತ್ರಿಗೆ ದನಿ ಗುರುತು ಸಿಗಲ್ವಾ? ಆಡಿಯೋ ಫೈಲಿಗೇ ಆಕೆಯ ಹೆಸರಿಟ್ಟು ಸೇವ್ ಮಾಡಿದ್ದರಂತೂ ಕೇಳುವುದೇ ಬೇಡ.

ಸಭೆ ಮುಗಿದ ಕೂಡಲೇ "ಪಿಪಿಟಿ ಗ್ರೂಪಿಗೆ ಹಾಕಿ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗಾಗಿ ಈಗ ಎರಡು ಪ್ರತಿ ಮಾಡಿಕೊಂಡೇ ಹೋಗುತ್ತೇನೆ. ಗ್ರೂಪಿಗೆ ಹಾಕುವುದರಲ್ಲಿ 11 ಸ್ಲೈಡ್ ಮಾತ್ರ ಇರುತ್ತವೆ.