ನೋವಿಲ್ಲದಾಗಲೇ ಮಾಡಿಸಬೇಕಾದ ಪರೀಕ್ಷೆ

ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಕೆಚ್ಚಲು ಊದಿರುವುದಿಲ್ಲ, ಹಸು ಒದೆಯುವುದಿಲ್ಲ. ಆದರೂ ನಾಲ್ಕು ತೊಟ್ಟಿನ ಹಾಲನ್ನು ನಾಲ್ಕು ಗುಳಿಯ ತಟ್ಟೆಗೆ ಕರೆದು, ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಒಂದು ಗುಳಿಯ ಹಾಲು ಲೋಳೆಯಾಗುತ್ತದೆ. ಹೊರಗೆ ಕಾಣದ ಕೆಚ್ಚಲು ಬಾವು ಹೀಗೆ ಮೊದಲೇ ಗೊತ್ತಾಗುತ್ತದೆ. ಹಸುವಿಗೆ ಈ ಪರೀಕ್ಷೆ ಮಾಡಿಸಲು ನಾವು ಯಾರೂ ಹಿಂಜರಿಯುವುದಿಲ್ಲ.

ಹೆಣ್ಣುಮಕ್ಕಳ ಗರ್ಭಕೋಶದ ಬಾಯಿಗೂ, ಅಂದರೆ ಗರ್ಭಕಂಠಕ್ಕೂ, ಇಂಥದೇ ಸುಲಭ ಪರೀಕ್ಷೆ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಅದನ್ನು ಮಾಡಿಸಿಕೊಂಡವರು 100ಕ್ಕೆ ಇಬ್ಬರೂ ಇಲ್ಲ. ಇತ್ತ, 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ.

"ನನಗೇನೂ ಆಗಿಲ್ಲವಲ್ಲ"

ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಮೊದಲು ಹೇಳುವ ಮಾತೇ ಇದು. ಆದರೆ ಈ ಪರೀಕ್ಷೆ ಇರುವುದೇ ಏನೂ ಆಗದವರಿಗಾಗಿ. ಎಚ್‌ಪಿವಿ ಎಂಬ ವೈರಾಣು ಸೇರಿದ ಮೇಲೆ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಅಷ್ಟು ಕಾಲ ನೋವೂ ಇರುವುದಿಲ್ಲ, ರಕ್ತಸ್ರಾವವೂ ಇರುವುದಿಲ್ಲ. ಆ ಅವಧಿಯಲ್ಲಿ ಕಂಡುಹಿಡಿದರೆ ರೋಗವನ್ನು ಬೇರಿನಲ್ಲೇ ಕಿತ್ತು ಹಾಕಬಹುದು.

"ಜನ ಏನಂದುಕೊಳ್ಳುತ್ತಾರೋ" ಎಂಬ ಅಳುಕೂ ಇದೆ. ಎಚ್‌ಪಿವಿ ದೈಹಿಕ ಸಂಪರ್ಕದಿಂದ ಹರಡುವುದು ನಿಜ. ಆದರೆ ಅದು ಎಷ್ಟು ಸಾಮಾನ್ಯವೆಂದರೆ, ಸಂಸಾರ ಮಾಡುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಬಹುತೇಕರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಗಂಡಸರಲ್ಲೂ ಗೊತ್ತಾಗದಂತೆ ಇರುತ್ತದೆ. ಹಾಗಾಗಿ ಪರೀಕ್ಷೆಯ ಫಲಿತಾಂಶ ನೋಡಿ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಮಂಚದ ಮೇಲೆ ಮಲಗಿಸಿ, ಸಣ್ಣ ಉಪಕರಣದಿಂದ ಗರ್ಭಕೋಶದ ಬಾಯಿ ಕಾಣುವಂತೆ ಮಾಡುತ್ತಾರೆ. ವಿನೆಗರ್‌ನಲ್ಲಿರುವಂಥ ತೆಳು ಆಮ್ಲವನ್ನು ಹತ್ತಿಯಿಂದ ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾವಣೆ ಆಗಿದ್ದ ಜಾಗ ಬೆಳ್ಳಗಾಗುತ್ತದೆ. ಇದಕ್ಕೆ ವಿಐಎ ಪರೀಕ್ಷೆ ಎನ್ನುತ್ತಾರೆ. ಸೂಜಿ ಇಲ್ಲ, ಕೊಯ್ಯುವುದಿಲ್ಲ. ಸ್ವಲ್ಪ ಮುಜುಗರ, ಸ್ವಲ್ಪ ಉರಿ ಆಗಬಹುದು, ಅಷ್ಟೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಯ ಮಹಿಳೆಯರಿಗೆ 2 ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿಸಿ ನೋಡಿದರು. ಪರೀಕ್ಷಿಸಿದ್ದು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಈ ಕ್ಯಾನ್ಸರ್‌ನಿಂದಾಗುವ ಸಾವು ಶೇ. 31ರಷ್ಟು ಕಡಿಮೆಯಾಯಿತು.

ಬೆಳ್ಳಗಾಯಿತು ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂದರ್ಥ. ಕ್ಯಾನ್ಸರ್‌ಗೆ ಮೊದಲಿನ ಹಂತದಲ್ಲಿದ್ದರೆ, ಹೆಚ್ಚಿನವರಿಗೆ ಆ ಜಾಗಕ್ಕಷ್ಟೇ ಶಾಖ ಅಥವಾ ತಂಪು ಕೊಟ್ಟು ಗುಣಪಡಿಸುತ್ತಾರೆ. "ಗರ್ಭಕೋಶ ತೆಗೆದುಬಿಡುತ್ತಾರೆ" ಎಂಬ ಭಯದಿಂದ ಹಿಂದೆ ಸರಿಯಬೇಡಿ. ಬಿಳಿಸೆರಗು ಇದೆ ಎಂದ ಕೂಡಲೇ ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ, ಮೊದಲು ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಯಾರು, ಯಾವಾಗ, ಎಲ್ಲಿ?

30 ತುಂಬಿದ ಮೇಲೆ 65ರವರೆಗೆ 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ಬದಲಾವಣೆಯ ಜಾಗ ಒಳಗೆ ಸರಿಯುವುದರಿಂದ ವಿಐಎಯಲ್ಲಿ ಸರಿಯಾಗಿ ಕಾಣದೆ ಹೋಗಬಹುದು. ಆದ್ದರಿಂದ 30ರಲ್ಲೇ ಶುರು ಮಾಡುವುದು ಒಳ್ಳೆಯದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಯಾವ ದಿನ ಮಾಡುತ್ತಾರೆ, ನೋಡುವವರು ಹೆಂಗಸರೇ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಬಸುರಿಯಾಗಿದ್ದರೆ ತಿಳಿಸಿ.

30 ಆಗದವರಾದರೂ ಸರಿ, ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೂ ಹಾಗೆಯೇ.

ಕಂದು ಹಾಕುವ ರೋಗ ತಡೆಯಲು ಹೆಣ್ಣುಕರುವಿಗೆ 4–8 ತಿಂಗಳಲ್ಲೇ ಬ್ರುಸೆಲ್ಲಾ ಲಸಿಕೆ ಹಾಕಿಸುತ್ತೇವೆ. ಹಾಗೆಯೇ ಮನೆಯ ಹೆಣ್ಣುಮಗುವಿಗೆ 9–14 ವರ್ಷದಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿದರೆ ಹೆಚ್ಚು ಫಲ. ಆದರೆ ಲಸಿಕೆ ಹಾಕಿಸಿಕೊಂಡವರೂ 30ರ ನಂತರ ತಪಾಸಣೆ ಬಿಡಬಾರದು.

ಸೊಸೆಗೆ ಧೈರ್ಯ ಹೇಳಬೇಕಾದವರು ಯಾರು?

ಬಹಳ ಮನೆಗಳಲ್ಲಿ ಸೊಸೆಗೆ ಹೋಗುವ ಮನಸ್ಸಿದ್ದರೂ ಬಾಯಿಬಿಟ್ಟು ಕೇಳುವ ಧೈರ್ಯ ಇರುವುದಿಲ್ಲ. "ನಡಿಯಮ್ಮ, ನಾನೂ ಬರ್ತೀನಿ, ಇಬ್ಬರೂ ತೋರಿಸಿಕೊಂಡು ಬರೋಣ" ಎಂದು ಅತ್ತೆಯೇ ಹೇಳಿದರೆ ಅರ್ಧ ಕೆಲಸ ಆದಂತೆ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಆಶಾ ಕಾರ್ಯಕರ್ತೆಯನ್ನು ಕರೆಸಿ, ಹೆಸರು ಬರೆಸಿ. ಬೆಳಗಿನ ಹಾಲು ಡೇರಿಗೆ ಹಾಕಿದ ಮೇಲೆ ಐದಾರು ಜನ ಒಟ್ಟಿಗೆ ಹೊರಟರೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬಹುದು.