ಯಂತ್ರವಿಲ್ಲದ ಗಣಕಪಾಠ

ಪ್ರೌಢಶಾಲೆಯಲ್ಲಿ ಗಣಕವಿಜ್ಞಾನವನ್ನು ಕಲಿಸಲು ಏನೇನು ಬೇಕೆಂದು ಕೇಳಿದರೆ ಯಾರಾದರೂ ಮೊದಲು ಹೇಳುವುದು ಯಂತ್ರಗಳ ಲೆಕ್ಕವನ್ನೇ. ಇಷ್ಟು ಕಂಪ್ಯೂಟರುಗಳು, ಅವನ್ನಿಡಲು ಒಂದು ಕೊಠಡಿ, ಆ ಕೊಠಡಿಗೊಂದು ಬೀಗ, ವಿದ್ಯುತ್ತು ಹೋದಾಗ ಆಸರೆಗೊಂದು ಬ್ಯಾಟರಿ. ಈ ಪಟ್ಟಿ ತಪ್ಪೇನಲ್ಲ. ಆದರೆ ಇಷ್ಟನ್ನೂ ಒದಗಿಸಿಕೊಂಡ ಶಾಲೆಯಲ್ಲಿಯೂ ಅನೇಕ ವೇಳೆ ನಡೆಯುವ ಪಾಠವೆಂದರೆ ಅಕ್ಷರ ಜೋಡಿಸುವುದು, ಚಿತ್ರಕ್ಕೆ ಬಣ್ಣ ತುಂಬುವುದು, ಅಂಕಪಟ್ಟಿಯನ್ನು ಕೋಷ್ಟಕದಲ್ಲಿ ಕೂಡಿಸುವುದು. ಇವು ಬೇಡವೆನ್ನುವಂತಿಲ್ಲ, ಬದುಕಿಗೆ ಬೇಕಾದ ಕೈಗೆಲಸಗಳೇ. ಆದರೂ ಅಚ್ಚುಕೂಟದ ಯಂತ್ರವನ್ನು ನಡೆಸುವುದನ್ನು ಕಲಿಸಿ, ಮಕ್ಕಳಿಗೆ ಕಾವ್ಯವನ್ನು ಬೋಧಿಸಿದೆವೆಂದು ಹೇಳಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಾರದು.

ಇಂಗ್ಲೆಂಡಿನಲ್ಲಿ ಈ ಭೇದವನ್ನು ತಡವಾಗಿಯಾದರೂ ಗುರುತಿಸಿದರು. ೨೦೧೨ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಶಾಲೆಗಳ ಗಣಕಶಿಕ್ಷಣವನ್ನು ಕುರಿತು ಒಂದು ಕಟುವಾದ ವರದಿಯನ್ನು ಹೊರತಂದಿತು. ೨೦೧೪ರ ಸೆಪ್ಟೆಂಬರಿನಿಂದ ಪಠ್ಯಕ್ರಮದಲ್ಲಿ ‘ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ’ವೆಂಬ ಹಳೆಯ ವಿಷಯ ಹೋಗಿ ‘ಕಂಪ್ಯೂಟಿಂಗ್’ ಬಂದಿತು. ಹೆಸರು ಬದಲಾಯಿಸುವುದೇನೋ ಸುಲಭ. ತರಗತಿಗೆ ಹೋಗಿ ನಿಂತ ಉಪಾಧ್ಯಾಯರ ಕೈಯಲ್ಲಿ ಏನಿರಬೇಕು ಎಂಬುದು ಕಷ್ಟದ ಪ್ರಶ್ನೆ.

ಅದಕ್ಕೆ ನಾನು ಕಂಡ ಉತ್ತರಗಳಲ್ಲಿ ಅತ್ಯಂತ ಸೊಗಸಾದುದು ನ್ಯೂಜಿಲೆಂಡಿನಿಂದ ಬಂದದ್ದು. ಕ್ರೈಸ್ಟ್‌ಚರ್ಚ್ ನಗರದ ಕ್ಯಾಂಟರ್ಬರಿ ವಿಶ್ವವಿದ್ಯಾನಿಲಯದ ಟಿಮ್ ಬೆಲ್ ಅವರು ಇಯನ್ ವಿಟೆನ್, ಮೈಕ್ ಫೆಲೋಸ್ ಎಂಬ ಇನ್ನಿಬ್ಬರು ವಿದ್ವಾಂಸರೊಡನೆ ಕೂಡಿ ೧೯೯೦ರ ದಶಕದಲ್ಲಿ ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಎಂಬ ಪಾಠಸಂಗ್ರಹವನ್ನು ಸಿದ್ಧಪಡಿಸಿದರು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟ ಗಣಕವಿಜ್ಞಾನ ಎಂದು ಆ ಹೆಸರಿನ ಭಾವ. ಈ ಪಾಠಗಳಲ್ಲಿ ಕಂಪ್ಯೂಟರೇ ಇಲ್ಲ. ರಟ್ಟಿನ ಚೀಟಿಗಳು, ಸೀಮೆಸುಣ್ಣ, ದಾರ, ತಕ್ಕಡಿ; ಇವಿಷ್ಟೇ ಸಾಮಗ್ರಿ. ಸಂಗ್ರಹವನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಉಪಾಧ್ಯಾಯರು ಪ್ರತಿ ತೆಗೆದುಕೊಳ್ಳಬಹುದು, ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಇದರಲ್ಲಿ ಒಂದು ಪಾಠ ಇಂದ್ರಜಾಲದಂತಿದೆ. ಒಂದು ಮುಖ ಬಿಳಿ, ಇನ್ನೊಂದು ಮುಖ ಬಣ್ಣವಾಗಿರುವ ಚೀಟಿಗಳನ್ನು ಒಬ್ಬ ಹುಡುಗ ತನಗೆ ತೋಚಿದಂತೆ ಐದು ಸಾಲು, ಐದು ಕಂಬವಾಗಿ ನೆಲದ ಮೇಲೆ ಹರಡುತ್ತಾನೆ. “ಇಷ್ಟು ಸುಲಭವಾದರೆ ಸಾಲದು” ಎಂದು ಹೇಳಿ ಉಪಾಧ್ಯಾಯರು ಬದಿಗೊಂದು ಕಂಬವನ್ನೂ ಕೆಳಗೊಂದು ಸಾಲನ್ನೂ ಸೇರಿಸುತ್ತಾರೆ. ಈಗ ಒಟ್ಟು ೩೬ ಚೀಟಿಗಳು. ಅವರು ಬೆನ್ನು ತಿರುಗಿಸಿ ನಿಂತಾಗ ಯಾರಾದರೂ ಒಂದೇ ಒಂದು ಚೀಟಿಯನ್ನು ಮಗುಚಬೇಕು. ಉಪಾಧ್ಯಾಯರು ತಿರುಗಿ ನೋಡಿ ಆ ಚೀಟಿಯ ಮೇಲೆ ಬೆರಳಿಡುತ್ತಾರೆ! ಗುಟ್ಟು ಸರಳ. ಅವರು ಸೇರಿಸಿದ ಚೀಟಿಗಳು ಆಟವನ್ನು ಕಠಿಣಗೊಳಿಸಲು ಬಂದವಲ್ಲ. ಪ್ರತಿ ಸಾಲಿನಲ್ಲಿಯೂ ಪ್ರತಿ ಕಂಬದಲ್ಲಿಯೂ ಬಣ್ಣದ ಮುಖಗಳ ಸಂಖ್ಯೆ ಸಮವಾಗುವಂತೆ ಮಾಡಲು ಬಂದವು. ಒಂದು ಚೀಟಿ ಮಗುಚಿದೊಡನೆ ಒಂದು ಸಾಲೂ ಒಂದು ಕಂಬವೂ ಬೆಸವಾಗುತ್ತವೆ. ಅವೆರಡು ಸಂಧಿಸಿದೆಡೆಯೇ ತಪ್ಪಿನ ಎಡೆ. ಸಂದೇಶವೊಂದು ತಂತಿಯಲ್ಲಿಯೋ ಗಾಳಿಯಲ್ಲಿಯೋ ಸಾಗುವಾಗ ಕೆಟ್ಟರೆ ಅದನ್ನು ಕಂಡುಹಿಡಿದು ಸರಿಪಡಿಸುವ ವಿದ್ಯೆಯ ಮೊದಲ ಪಾಠ ಇದೇ.

ವಾಚಕರು ತಮ್ಮ ಕಪಾಟಿನಿಂದ ಈಚಿನ ಒಂದು ಪುಸ್ತಕವನ್ನು ತೆಗೆದು ಬೆನ್ನು ರಟ್ಟನ್ನು ನೋಡಿದರೆ ಇದೇ ತತ್ತ್ವ ಅಲ್ಲಿಯೂ ಕಾಣುತ್ತದೆ. ೨೦೦೭ರಿಂದ ಪುಸ್ತಕಗಳ ಅಂತರರಾಷ್ಟ್ರೀಯ ಸಂಖ್ಯೆಗೆ ಹದಿಮೂರು ಅಂಕಿಗಳಿವೆ. ಎಡದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಮೂರರಿಂದ ಗುಣಿಸಿ (ಮೊದಲನೆಯದು ಹಾಗೆಯೇ, ಎರಡನೆಯದು ಮೂರು ಪಟ್ಟು, ಹೀಗೆ) ಎಲ್ಲವನ್ನೂ ಕೂಡಿಸಿದರೆ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಾಗಾಗುವಂತೆ ಆರಿಸಿದ್ದೇ ಕೊನೆಯ ಅಂಕಿ. ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ಈ ಲೆಕ್ಕ ಹಿಡಿದುಬಿಡುತ್ತದೆ. ಆದರೆ ಪಕ್ಕಪಕ್ಕದ ೧ ಮತ್ತು ೬ ಅದಲುಬದಲಾದರೆ ಹಿಡಿಯದು! ಯಾಕೆ ಹಿಡಿಯದೆಂದು ಮಕ್ಕಳನ್ನೇ ಕೇಳಬೇಕು. ಪುಸ್ತಕದ ಬೆಲೆಗೆ ಬಂದ ಬೋಧನ ಸಾಮಗ್ರಿ ಇದು.

‘ಕೆಸರೂರು’ ಎಂದು ನಾವು ಕರೆಯಬಹುದಾದ ಇನ್ನೊಂದು ಪಾಠ ಮಲೆನಾಡಿನ ಮಕ್ಕಳಿಗೆ ವಿವರಿಸದೆಯೇ ಅರ್ಥವಾದೀತು. ಒಂದು ಊರು, ರಸ್ತೆಗಳೇ ಇಲ್ಲ, ಮಳೆ ಬಂದರೆ ಎಲ್ಲೆಲ್ಲೂ ಕೆಸರು. ಕಲ್ಲು ಹಾಸಲು ಊರವರು ಒಪ್ಪಿದ್ದಾರೆ, ಆದರೆ ಹಣ ಕಡಿಮೆ. ಯಾವ ಮನೆಯಿಂದ ಹೊರಟರೂ ಕಲ್ಲುಹಾದಿಯಲ್ಲಿಯೇ ಬೇರೆ ಯಾವ ಮನೆಗಾದರೂ ಹೋಗಲು ಬರುವಂತಿರಬೇಕು, ಸುತ್ತಾದರೂ ಸರಿಯೆ. ಅತಿ ಕಡಿಮೆ ಕಲ್ಲುಗಳಲ್ಲಿ ಇದನ್ನು ಸಾಧಿಸುವುದು ಹೇಗೆ? ಮಕ್ಕಳು ಗೆರೆ ಎಳೆದು ಅಳಿಸಿ ಜಗಳವಾಡುತ್ತಾರೆ. ಹತ್ತು ಮನೆಗಳಿಗೆ ಒಂಬತ್ತು ಹಾದಿಗಳು ಸಾಕೆಂಬುದು ಮೊದಲು ಹೊಳೆಯುತ್ತದೆ. ಆಮೇಲೆ, ಅತ್ಯಂತ ಅಗ್ಗದ ಹಾದಿಯನ್ನು ಮೊದಲು ಹಾಕಿ, ಸುತ್ತಿ ಬಂದು ಮುಚ್ಚಿಕೊಳ್ಳುವ ಹಾದಿಯನ್ನು ಮಾತ್ರ ಬಿಡುತ್ತ ಹೋದರೆ ಸಾಕೆಂದು ಯಾರೋ ಒಬ್ಬರು ಹೇಳುತ್ತಾರೆ. ಹಾಗೆ ಹೇಳಿದ ಮಗು ೧೯೫೬ರಲ್ಲಿ ಜೋಸೆಫ್ ಕ್ರುಸ್ಕಲ್ ಎಂಬ ಗಣಿತಜ್ಞ ಪ್ರಕಟಿಸಿದ ವಿಧಾನವನ್ನೇ ತಾನಾಗಿ ಕಂಡಂತಾಯಿತು. ಅದಕ್ಕೂ ಮೂವತ್ತು ವರ್ಷ ಹಿಂದೆ, ೧೯೨೬ರಲ್ಲಿ, ಒಟಕರ್ ಬೊರೂವ್ಕಾ ಈ ಸಮಸ್ಯೆಯನ್ನು ಬಿಡಿಸಿದ್ದು ಮೊರಾವಿಯದ ಊರುಗಳಿಗೆ ವಿದ್ಯುತ್ತಿನ ತಂತಿ ಎಳೆಯುವ ಸಲುವಾಗಿ. ಕಂಪ್ಯೂಟರು ಹುಟ್ಟುವ ಮೊದಲೇ ಅದರ ವಿಜ್ಞಾನ ಹುಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡ ಪಂಡಿತನಿಗೆ ಇಲ್ಲೇನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಕಾಲೇಜಿನ ಬಿ.ಸಿ.ಎ. ತರಗತಿಗೆ ನಾನು ಭಾಷಾಪಾಠ ಹೇಳುತ್ತೇನೆ. ಒಮ್ಮೆ ಛಂದಸ್ಸಿನ ಪ್ರಸ್ತಾರವನ್ನು ಹಲಗೆಯ ಮೇಲೆ ಹಾಕುತ್ತಿದ್ದೆ. ಮೂರು ಅಕ್ಷರ, ಪ್ರತಿಯೊಂದೂ ಲಘುವೋ ಗುರುವೋ, ಆದುದರಿಂದ ಎಂಟೇ ಗಣಗಳು. ಹಿಂದಿನ ಬೆಂಚಿನಿಂದ, ಅದುವರೆಗೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು, “ಸರ್, ಇದು ಬೈನರಿ ಅಲ್ಲವೆ?” ಎಂದಳು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಬಂದವಳು. ಬೈನರಿಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಳು, ಲಘುಗುರುಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದ್ದಳು. ಎರಡೂ ಒಂದೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳಲ್ಲಿ ಬಹುಮಂದಿ ಗಣಕವಿಜ್ಞಾನವನ್ನು ಇಂಗ್ಲಿಷಿನವರ ಸೊತ್ತೆಂದು ನಂಬಿ ಕಾಲೇಜಿಗೆ ಬರುತ್ತಾರೆ. ತಿಳಿಯದಿರುವುದು ಭಾಷೆಯೋ ವಿಷಯವೋ ಎಂದು ಅವರಿಗೇ ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಡುತ್ತಾರೆ. ಆ ಮೌನವನ್ನು ನಾನು ವರ್ಷ ವರ್ಷವೂ ನೋಡುತ್ತಿದ್ದೇನೆ.

ಪ್ರಸ್ತಾರಕ್ಕೆ ಅಂಗವಾಗಿ ‘ನಷ್ಟ’ವೆಂಬ ಒಂದು ಕ್ರಮವುಂಟು. ಪಿಂಗಲನ ಸೂತ್ರಗಳಿಂದ ಬಂದದ್ದು. ನಮ್ಮ ನಾಗವರ್ಮನ ಛಂದೋಂಬುಧಿಯ ಪರಂಪರೆಗೂ ಸೇರಿದ್ದು. (ಆ ಗ್ರಂಥವನ್ನು ೧೮೭೫ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ನಿಘಂಟಿನ ಕಿಟೆಲರೇ.) ಪ್ರಸ್ತಾರದ ಇಂತಿಷ್ಟನೆಯ ಸಾಲು ಅಳಿಸಿಹೋಗಿದೆ, ಅದು ಯಾವುದು? ಸಾಲಿನ ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಮಾಡು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಮಾಡು. ಆರನೆಯ ಸಾಲನ್ನು ತೆಗೆದುಕೊಳ್ಳಿ. ಆರು ಸಮ: ಲಘು, ಉಳಿದದ್ದು ಮೂರು. ಮೂರು ಬೆಸ: ಗುರು, ನಾಲ್ಕರಲ್ಲಿ ಅರ್ಧ ಎರಡು. ಎರಡು ಸಮ: ಲಘು. ಲಘು-ಗುರು-ಲಘು, ಎಂದರೆ ಜಗಣ. ಅರ್ಥವನ್ನು ಯೋಚಿಸದೆ ಹೇಳಿದಂತೆ ಮಾಡುತ್ತ ಹೋದರೂ ತಪ್ಪದೆ ಉತ್ತರ ಬರುವ ಇಂಥ ನಡೆಗೇ ಗಣಕವಿಜ್ಞಾನದಲ್ಲಿ ಅಲ್ಗಾರಿದಮ್ ಎಂದು ಹೆಸರು. ಇಷ್ಟನ್ನು ಹಿಡಿದುಕೊಂಡು ಪಿಂಗಲನೇ ಕಂಪ್ಯೂಟರನ್ನು ಕಂಡುಹಿಡಿದನೆಂದು ಸಭೆಗಳಲ್ಲಿ ಗುಡುಗುವವರುಂಟು. ಅದು ವ್ಯರ್ಥಾಲಾಪ. ಪಿಂಗಲನ ಎಣಿಕೆ ಒಂದರಿಂದ ತೊಡಗುತ್ತದೆ, ಮೊದಲ ಸಾಲು ಸರ್ವಗುರು. ಯಂತ್ರದ ಎಣಿಕೆ ಸೊನ್ನೆಯಿಂದ. ಆತನಿಗೆ ಬೇಕಾಗಿದ್ದುದು ವೃತ್ತಗಳ ಲೆಕ್ಕ. ಹೆಮ್ಮೆಗಿಂತ ಈ ವ್ಯತ್ಯಾಸವೇ ತರಗತಿಯಲ್ಲಿ ಹೆಚ್ಚು ಫಲ ಕೊಡುತ್ತದೆ: ಏಕೆ ಸೊನ್ನೆಯಿಂದ ಎಣಿಸಬೇಕೆಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಈ ಬಗೆಯ ಪಾಠಗಳಿಗೆ ಮಿತಿ ಇಲ್ಲವೆಂದಲ್ಲ. ಚೀಟಿಯಾಟ ಮುಗಿದ ಮೇಲೆ “ಏಕೆ ಹೀಗಾಯಿತು?” ಎಂದು ಉಪಾಧ್ಯಾಯರು ಕೇಳದಿದ್ದರೆ ಅದು ಬರಿಯ ಆಟವಾಗಿ ಉಳಿಯುತ್ತದೆ. ಹತ್ತು ಮನೆಗಳ ಊರಿಗೆ ಕೈಯಲ್ಲಿ ಗೆರೆ ಎಳೆದ ಹುಡುಗ, ಹತ್ತು ಸಾವಿರ ಮನೆಗಳ ಊರಿಗಾಗಿ ಒಂದು ದಿನ ಯಂತ್ರದ ಮುಂದೆ ಕುಳಿತು ತಾನೇ ಕ್ರಮವಿಧಿಯನ್ನು ಬರೆಯಲೇಬೇಕು. ಅದು ಓಡದೆ ನಿಂತಾಗ ತಪ್ಪನ್ನು ಹುಡುಕಬೇಕು. ಈ ಹುಡುಕಾಟದ ಕಷ್ಟಸುಖವನ್ನು ರಟ್ಟಿನ ಚೀಟಿ ಕಲಿಸಲಾರದು. ಆ ದಿನ ಬರುವವರೆಗೆ ಮಕ್ಕಳು ಸುಮ್ಮನೆ ಕಾಯುತ್ತಿರಬೇಕಾಗಿಲ್ಲ ಎಂಬಷ್ಟೇ ನನ್ನ ವಾದ. ಬೀಗ ಹಾಕಿದ ಕೊಠಡಿಯ ಹೊರಗಿನ ಜಗಲಿಯೂ ಪಾಠಕ್ಕೆ ಒದಗುತ್ತದೆ.

ಕನ್ನಡದ ಉಪಾಧ್ಯಾಯರೂ ಗಣಿತದ ಉಪಾಧ್ಯಾಯರೂ ಒಂದು ಗಂಟೆಯನ್ನು ಹಂಚಿಕೊಂಡರೆ ನಡೆಸಬಹುದಾದ ಒಂದು ಆಟವನ್ನು ಇಲ್ಲಿ ಕೊಡುತ್ತೇನೆ. ‘ಯಮಾತಾರಾಜಭಾನಸಲಗಂ’ ಎಂಬುದನ್ನು ನಾವೆಲ್ಲ ಗಣಗಳ ನೆನಪಿಗಾಗಿ ಉರುಹೊಡೆದಿದ್ದೇವೆ. ಯಾವ ಅಕ್ಷರದಿಂದ ತೊಡಗಿ ಮೂರನ್ನು ಓದಿದರೂ ಆ ಅಕ್ಷರದ ಹೆಸರಿನ ಗಣವೇ ಬರುತ್ತದೆ: ಯಮಾತಾ ಯಗಣ, ಮಾತಾರಾ ಮಗಣ. ಹತ್ತು ಅಕ್ಷರಗಳಲ್ಲಿ ಎಂಟು ಗಣಗಳನ್ನೂ ಅಡಗಿಸಿದ ಜಾಣ್ಮೆ ಇದು. ಕೊನೆಯ ‘ಲಗಂ’ ಮತ್ತು ಮೊದಲ ‘ಯಮಾ’ ಎರಡೂ ಲಘು-ಗುರುಗಳೇ ಆದುದರಿಂದ, ಬಾಲವನ್ನು ತೆಗೆದು ತಲೆಗೆ ಜೋಡಿಸಿದರೆ ಎಂಟೇ ಅಕ್ಷರಗಳ ಒಂದು ವೃತ್ತವಾಗುತ್ತದೆ. ಇಂಥ ವೃತ್ತಗಳಿಗೆ ಇಂದು ಗಣಿತದಲ್ಲಿ ಡಚ್ ವಿದ್ವಾಂಸ ಡಿ ಬ್ರೋಯ್ನ್ ಅವರ ಹೆಸರಿದೆ. ಅವರ ಲೇಖನ ಬಂದದ್ದು ೧೯೪೬ರಲ್ಲಿ. ಎಂಟು ಮಕ್ಕಳನ್ನು ಸುತ್ತಲೂ ನಿಲ್ಲಿಸಿ, ಗುರುವಾದವರು ನಿಂತಿರಲಿ, ಲಘುವಾದವರು ಕುಳಿತುಕೊಳ್ಳಲಿ. ಉಳಿದವರು ಸುತ್ತು ಹಾಕುತ್ತ, ಪಕ್ಕಪಕ್ಕದ ಮೂವರನ್ನು ನೋಡಿ ಗಣದ ಹೆಸರು ಹೇಳಬೇಕು. ಎಂಟು ಗಣಗಳೂ ಒಂದೊಂದು ಸಲವೇ ಬರುತ್ತವೆ. ಹೀಗೆ ನಿಲ್ಲಿಸುವ ಬಗೆಗಳು ಎರಡೇ, ಅವೂ ಒಂದು ಇನ್ನೊಂದರ ಕನ್ನಡಿಬಿಂಬ. ಮೂರರ ಬದಲು ನಾಲ್ಕು ಅಕ್ಷರಗಳ ಗುಂಪಾದರೆ ವೃತ್ತಕ್ಕೆ ಹದಿನಾರು ಮಕ್ಕಳು ಬೇಕು. ಅವರನ್ನು ನಿಲ್ಲಿಸುವ ಬಗೆಗಳೂ ಹದಿನಾರು. ಮೊದಲನೆಯದನ್ನು ಹುಡುಕುವುದರಲ್ಲೇ ಒಂದು ಗಂಟೆ ಕಳೆದುಹೋದೀತು.